ಅಳಿಲು ಮೊದಲು ಮುಟ್ಟಿದ್ದು ಯಾವುದನ್ನು?

ಮಕ್ಕಳೇ, ಅಳಿಲಿಗೆ ತುಂಬಾ ಇಷ್ಟವಾದ ತಿಂಡಿ ಯಾವುದು ಗೊತ್ತೇ? ನನಗೆ ಅದು ತಿಳಿದದ್ದು ಅರವತ್ತು ದಾಟಿದ ಮೇಲೆ, ಅದೂ ನನ್ನ ಮೊಮ್ಮಗಳಿಂದ.

ಮೈಸೂರು-ಹುಣಸೂರು ರಸ್ತೆಯ ಇಲವಾಲದಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಎರಡು ತೆಂಗು, ಒಂದು ಸೀಬೆ ಮರ. ಕಳೆದ ಬೇಸಿಗೆಯಲ್ಲಿ ಎಳನೀರು ಕಾಯಿಗಳು ತೂತಾಗಿ ಉದುರತೊಡಗಿದವು. ಸೀಬೆ ಮರದಲ್ಲಿ ಹಗಲೆಲ್ಲ ಕಿಚಿಪಿಚಿ ಎನ್ನುವ ಅಳಿಲುಗಳ ಮೇಲೆ ನನಗೆ ಸಿಟ್ಟು. ಅಂಗಡಿಯಿಂದ ಇಲಿ ಪಾಷಾಣ ತಂದೆ. ಹುರಿದ ಕಡಲೆಕಾಯಿ ಬೀಜಕ್ಕೆ ಬೆರೆಸಿ ಮರದ ಬುಡದಲ್ಲಿಡೋಣ ಎಂದುಕೊಂಡೆ.

ರಜೆಗೆ ಬಂದಿದ್ದ ಮೊಮ್ಮಗಳು ಕೇಳಿದಳು, “ತಾತ, ಅಳಿಲು ಎಳನೀರು ಕೊರೆದದ್ದನ್ನು ನೀವು ನೋಡಿದ್ರಾ?”

ನೋಡಿರಲಿಲ್ಲ. ಆ ಸಂಜೆ ಇಬ್ಬರೂ ಹಿತ್ತಲು ಗುಡಿಸಿದೆವು. ಬೆಳಗಿನ ಜಾವ ಎದ್ದು ನೋಡಿದರೆ ಎರಡು ಕಾಯಿ ಬಿದ್ದಿದ್ದವು. ಎರಡಕ್ಕೂ ತೊಟ್ಟಿನ ಹತ್ತಿರವೇ ತೂತು! ಅಳಿಲು ರಾತ್ರಿ ಗೂಡಿನಲ್ಲಿ ಮಲಗುತ್ತದೆ. ರಾತ್ರಿ ಮರ ಹತ್ತುವುದು ಇಲಿ. ಕೋಕೋ ಬೆಳೆಗಾರರೂ ಹೀಗೆಯೇ ಗುರುತು ಹಿಡಿಯುತ್ತಾರೆ: ತೊಟ್ಟಿನ ಬಳಿ ಕೊರೆದರೆ ಇಲಿ, ಹಣ್ಣಿನ ನಡುವೆ ಕೊರೆದರೆ ಅಳಿಲು.

“ಹಾಗಾದರೆ ಇಲಿಗೇ ಪಾಷಾಣ ಇಡೋಣ,” ಎಂದೆ. “ಅಳಿಲು ತಿಂದರೆ?” ಎಂದಳು. ನಾಲ್ಕು ತೆಂಗಿನ ಚಿಪ್ಪುಗಳಲ್ಲಿ ಕಡಲೆಕಾಯಿ ಬೀಜ, ಕೊಬ್ಬರಿ ಚೂರು, ಸೀಬೆ ಹೋಳು, ಅಕ್ಕಿ ಹಾಕಿ ಸಾಲಾಗಿಟ್ಟಳು. ಇದಕ್ಕೆಲ್ಲ ವಿಷ ಬೆರೆಸಿರಲಿಲ್ಲ. ಮೂರು ದಿನ ಕಿಟಕಿಯಿಂದ ನೋಡಿದೆವು. ಮೂರು ದಿನವೂ ಅಳಿಲು ನೇರ ಕಡಲೆಕಾಯಿಗೇ ಬಂತು! ಆಮೇಲೆ ಕೊಬ್ಬರಿ, ಕೊನೆಗೆ ಸೀಬೆ. ಅಕ್ಕಿ ಮೈನಾಗಳ ಪಾಲಾಯಿತು.

ನನ್ನ ಎದೆ ಧಸಕ್ಕೆಂದಿತು. ಇಲಿಗೆಂದು ನಾನು ಆರಿಸಿದ್ದು ಅಳಿಲಿನ ಅಚ್ಚುಮೆಚ್ಚಿನ ತಿಂಡಿಯನ್ನೇ! ರಾತ್ರಿ ಇಲಿ ಬಿಟ್ಟದ್ದನ್ನು ಬೆಳಿಗ್ಗೆ ಅಳಿಲು ತಿನ್ನುತ್ತಿತ್ತು. ನಾನು ತಂದ ಕಪ್ಪು ಪುಡಿಯ ಹೆಸರು ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಗಲಿದೊಡನೆ ಅದು ವಿಷದ ಅನಿಲವಾಗುತ್ತದೆ. ಮನುಷ್ಯರು ತಿಂದರೂ ಅದಕ್ಕೆ ಪ್ರತ್ಯೌಷಧವಿಲ್ಲ. ಅಜ್ಜ-ಅಜ್ಜಿಯರೇ, ಮಕ್ಕಳು ಓಡಾಡುವ ಮನೆಯಲ್ಲಿ ಇದನ್ನು ತಿಂಡಿಗೆ ಬೆರೆಸಿ ಇಡಲೇಬೇಡಿ.

ಒಡೆಯದ ಪೊಟ್ಟಣವನ್ನು ಅಂಗಡಿಗೇ ಹಿಂತಿರುಗಿಸಿದೆ. ತೆಂಗಿನ ಕಾಂಡಕ್ಕೆ ಸುಮಾರು 2 ಮೀಟರ್ ಎತ್ತರದಲ್ಲಿ ನುಣುಪಾದ ತಗಡು ಸುತ್ತಿಸಿದೆ. ಅದರ ಮೇಲೆ ಇಲಿಯ ಉಗುರು ನಿಲ್ಲುವುದಿಲ್ಲ. ಕತ್ತಲಾದ ಮೇಲೆ ಸುಟ್ಟ ಕೊಬ್ಬರಿ ಸಿಕ್ಕಿಸಿ ಬೋನು ಇಡುತ್ತೇವೆ, ಅಳಿಲು ಏಳುವ ಮೊದಲೇ ಎತ್ತಿಡುತ್ತೇವೆ. ಮೊದಲ ವಾರವೇ ನಾಲ್ಕು ಇಲಿ ಬಿದ್ದವು.

ಅಳಿಲು ಈಗಲೂ ನಮ್ಮ ಸೀಬೆ ಹಣ್ಣು ಕಚ್ಚುತ್ತದೆ. ಒಂದು ಕೊಂಬೆ ಅದಕ್ಕೇ ಎಂದು ಮೊಮ್ಮಗಳು ಬರೆದುಕೊಟ್ಟಾಗಿದೆ. ನನ್ನ ಸಹಿಯನ್ನೂ ಹಾಕಿಸಿಕೊಂಡಿದ್ದಾಳೆ.