ಮೋಬಿ ಡಿಕ್: ತಿಮಿಂಗಿಲಕ್ಕಿಂತ ಮೊದಲು ಹಗ್ಗ

ಹರ್ಮನ್ ಮೆಲ್ವಿಲ್‌ನ ‘ಮೋಬಿ ಡಿಕ್’ ಎಂದೊಡನೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಆ ಬಿಳಿ ತಿಮಿಂಗಿಲ ಯಾವುದರ ಸಂಕೇತ? ದೇವರು, ಕೇಡು, ಪ್ರಕೃತಿ, ವಿಧಿ ಎಂದು ಉತ್ತರಗಳಿಗೇನೂ ಬರವಿಲ್ಲ. ಆದರೆ ಓದು ಇಲ್ಲಿಂದಲೇ ಶುರುವಾದರೆ, 1851ರಲ್ಲಿ ಅಚ್ಚಾದ 135 ಅಧ್ಯಾಯಗಳ ಈ ಕಾದಂಬರಿಯ ದೊಡ್ಡ ಪಾಲು ಬರೀ ಹೊರೆಯಾಗಿ ಕಾಣುತ್ತದೆ. ಕೊಬ್ಬು ಸುಲಿಯುವ ಬಗೆ, ಎಣ್ಣೆ ಕಾಯಿಸುವ ಒಲೆ, ತಿಮಿಂಗಿಲದ ತಲೆಯ ರಚನೆ ಇವೆಲ್ಲ ಕಥೆಗೆ ಅಡ್ಡ ಬಂದ ವಿವರಗಳೆಂದು ಪುಟ ಮಗುಚುವವರುಂಟು. ಮೆಲ್ವಿಲ್‌ನ ಸಂಕೇತಗಳು ಹುಟ್ಟುವುದೇ ಆ ಪುಟಗಳಲ್ಲಿ ಎಂಬುದು ನನ್ನ ವಾದ. 1841ರಲ್ಲಿ ‘ಅಕುಷ್ನೆಟ್’ ಹಡಗು ಹತ್ತಿ ಸ್ವತಃ ತಿಮಿಂಗಿಲ ಬೇಟೆಗೆ ಹೋಗಿದ್ದ ಆತನಿಗೆ, ಒಂದು ವಸ್ತು ಏನನ್ನು ಸೂಚಿಸುತ್ತದೆ ಎನ್ನುವುದಕ್ಕಿಂತ ಅದು ಏನು ಮಾಡುತ್ತದೆ ಎನ್ನುವುದು ಮೊದಲು ಗೊತ್ತಿತ್ತು.

ಅರವತ್ತನೆಯ ಅಧ್ಯಾಯ ಪೂರ್ತಿ ಒಂದು ಹಗ್ಗದ ಬಗ್ಗೆ. ತಿಮಿಂಗಿಲಕ್ಕೆ ಎಸೆಯುವ ಈಟಿಗೆ ಕಟ್ಟಿದ ಹಗ್ಗ ಅದು. ದಪ್ಪ ಒಂದು ಅಂಗುಲದ ಮೂರನೇ ಎರಡು ಭಾಗ ಮಾತ್ರ. ಉದ್ದ 1200 ಅಡಿಗೂ ಹೆಚ್ಚು. 51 ಎಳೆಗಳಿಂದ ಹೊಸೆದದ್ದು, ಹತ್ತಿರ ಹತ್ತಿರ ಮೂರು ಟನ್ ಎಳೆತವನ್ನು ತಾಳಬಲ್ಲದು. ದೋಣಿಯ ಹಿಂಬದಿಯ ತೊಟ್ಟಿಯಲ್ಲಿ ಅದನ್ನು ಸುರುಳಿಯಾಗಿ ಸುತ್ತಿಡಬೇಕು. ಒಂದೇ ಒಂದು ಸಿಕ್ಕು ಉಳಿದರೂ, ಹಗ್ಗ ಓಡುವಾಗ ಯಾರದೋ ಕೈಯನ್ನೋ ಕಾಲನ್ನೋ ಕಿತ್ತೊಯ್ಯುತ್ತದೆ. ಅದಕ್ಕೇ ಕೆಲವು ಈಟಿಗಾರರು ಬೆಳಗಿನ ಹೊತ್ತೆಲ್ಲ ಈ ಸುತ್ತುವ ಕೆಲಸಕ್ಕೇ ಇಡುತ್ತಾರೆ. ತೊಟ್ಟಿಯಿಂದ ಹೊರಟ ಹಗ್ಗ ಹಿಂಬದಿಯ ಗೂಟವನ್ನು ಬಳಸಿ, ಹುಟ್ಟು ಹಾಕುವ ಒಬ್ಬೊಬ್ಬರ ಮಗ್ಗುಲಲ್ಲೂ ಹಾದು ಮುಂತುದಿಗೆ ಬರುತ್ತದೆ. ದೋಣಿಯಲ್ಲಿ ಅದರ ಬಳಸಿಗೆ ಸಿಗದೆ ಕೂತವನು ಒಬ್ಬನೂ ಇಲ್ಲ. ಇಷ್ಟು ವಿವರಿಸಿದ ಮೇಲೆಯೇ ಮೆಲ್ವಿಲ್, ಮನುಷ್ಯರೆಲ್ಲರೂ ಇಂಥ ಹಗ್ಗಗಳ ನಡುವೆಯೇ ಬದುಕುತ್ತಾರೆ ಎಂಬ ಮಾತಿಗೆ ಬರುತ್ತಾನೆ. ಮೊದಲೇ ಹೇಳಿದ್ದರೆ ಅದು ಉಪದೇಶವಾಗುತ್ತಿತ್ತು. ಮುಂದೆ ಪಿಪ್ ಎಂಬ ಕಪ್ಪು ಹುಡುಗ ದೋಣಿಯಿಂದ ಹಾರಿ ಇದೇ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತಾನೆ. ಅವನನ್ನು ಉಳಿಸಲು ಹಗ್ಗ ಕಡಿಯುತ್ತಾರೆ, ತಿಮಿಂಗಿಲ ಕೈತಪ್ಪುತ್ತದೆ. ಕೊನೆಯಲ್ಲಿ, ಬಿಳಿ ತಿಮಿಂಗಿಲದ ಬೆನ್ನುಹತ್ತಿದ ಹಡಗಿನ ಕ್ಯಾಪ್ಟನ್ ಏಹಬ್ ತೊಡಕಿದ ಹಗ್ಗವನ್ನು ಬಾಗಿ ಬಿಡಿಸುತ್ತಾನೆ. ಬಿಡಿಸಿಯೂ ಬಿಡುತ್ತಾನೆ. ಆದರೆ ಚಿಮ್ಮಿದ ಒಂದು ಸುತ್ತು ಕೊರಳಿಗೆ ಬಿದ್ದು ಅವನನ್ನು ಕಡಲಿಗೆ ಎಳೆದೊಯ್ಯುತ್ತದೆ. ಹಗ್ಗ ವಿಧಿಯ ಸಂಕೇತ ಎನ್ನಬಹುದು, ತಪ್ಪಲ್ಲ. ಆದರೆ ಆ ವಿಧಿಯನ್ನು ಬೆಳಗಿನಿಂದ ಜೋಪಾನವಾಗಿ ಸುತ್ತಿಟ್ಟದ್ದು ಮನುಷ್ಯರ ಕೈಗಳೇ. ಸುತ್ತುವ ಕೆಲಸವನ್ನು ಓದದವರಿಗೆ ಈ ಅರ್ಧ ಸಿಗುವುದಿಲ್ಲ.

ಇದಕ್ಕೆ ಎದುರಾಗಿ 99ನೆಯ ಅಧ್ಯಾಯವನ್ನು ತೋರಿಸಬಹುದು. ಬಿಳಿ ತಿಮಿಂಗಿಲವನ್ನು ಮೊದಲು ಕಂಡವನಿಗೆಂದು ಏಹಬ್ ಹಾಯಿಯ ನಡುಗಂಬಕ್ಕೆ ಹೊಡೆದಿದ್ದ ಎಕ್ವಡಾರ್‌ನ ಚಿನ್ನದ ನಾಣ್ಯದ ಮುಂದೆ ನಾವಿಕರು ಒಬ್ಬೊಬ್ಬರಾಗಿ ನಿಲ್ಲುತ್ತಾರೆ. ಅದರ ಮೇಲಿನ ಮೂರು ಶಿಖರಗಳಲ್ಲಿ ಏಹಬ್‌ಗೆ ಕಾಣುವುದು ತಾನೇ. ಹಡಗಿನ ಮೊದಲ ಅಧಿಕಾರಿ, ದೈವಭಕ್ತ ಸ್ಟಾರ್‌ಬಕ್‌ಗೆ ಕ್ರೈಸ್ತರ ತ್ರೈಯೇಕ ದೇವರು. ಮೂರನೆಯ ಅಧಿಕಾರಿ ಫ್ಲಾಸ್ಕ್‌ಗೆ ಹದಿನಾರು ಡಾಲರ್, ಅಂದರೆ 960 ಸಿಗಾರ್. ಹಾಗಾದರೆ ಅರ್ಥವೆಲ್ಲ ನೋಡುವವನ ಕಣ್ಣಲ್ಲೇ ಇದೆಯಲ್ಲವೇ, ವಸ್ತುವಿನ ಕೆಲಸ ತಿಳಿದು ಆಗಬೇಕಾದ್ದೇನು? ಆಕ್ಷೇಪ ಗಟ್ಟಿಯಾದದ್ದೇ. ಆದರೆ ಆ ನಾಣ್ಯಕ್ಕೆ ಮೊಳೆ ಹೊಡೆದಾಗಿದೆ. ಅದು ಕೈಯಿಂದ ಕೈಗೆ ಹೋಗುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ. ಕೆಲಸ ಕಳಚಿಕೊಂಡ ವಸ್ತು ಕನ್ನಡಿಯಾಗುತ್ತದೆ. ಓಡುವ ಹಗ್ಗದ ಎದುರು ಯಾರೂ ತಮ್ಮ ಮುಖ ನೋಡಿಕೊಳ್ಳುವುದಿಲ್ಲ.

ತಿಮಿಂಗಿಲದ ಬಿಳುಪಿಗೇ ಮೀಸಲಾದ ಅಧ್ಯಾಯವೂ ಇದೆ, ಅಲ್ಲಿ ಸಂಕೇತವನ್ನು ನೇರವಾಗಿ ಬಿಡಿಸಿಲ್ಲವೇ ಎನ್ನಬಹುದು. ಇಲ್ಲ. ಕಥೆ ಹೇಳುವ ಇಷ್ಮಾಯೆಲ್ ಹಿಮಕರಡಿ, ಆಲ್ಬಟ್ರಾಸ್ ಹಕ್ಕಿ ಎಂದು ಉದಾಹರಣೆಗಳನ್ನು ಒಟ್ಟುತ್ತಾನೆ, ಯಾವುದೊಂದರಲ್ಲೂ ನೆಲೆ ನಿಲ್ಲುವುದಿಲ್ಲ. ಇದು ತನಗೆ ಕಂಡದ್ದು, ಏಹಬ್‌ಗೆ ಕಂಡದ್ದು ಬೇರೆ ಎಂದು ಆರಂಭದಲ್ಲೇ ಗೆರೆ ಎಳೆಯುತ್ತಾನೆ.

ಹಾಗೆ ನೋಡಿದರೆ ಏಹಬ್ ತಿಮಿಂಗಿಲಕ್ಕೆ ಮಾಡುವುದೂ ನಾಣ್ಯಕ್ಕೆ ಮಾಡಿದ್ದನ್ನೇ. ಹಡಗು ಹೊರಟದ್ದು ಎಣ್ಣೆಗಾಗಿ. ಅವನು ತನ್ನ ಕಾಲು ಕಿತ್ತ ಒಂದು ಪ್ರಾಣಿಯನ್ನು ಆ ವ್ಯಾಪಾರದಿಂದ ಹೊರಗೆಳೆದು, ಹಿಂದೆ ಯಾವುದೋ ದುರುದ್ದೇಶ ಅಡಗಿರುವ ಮುಖವಾಡವೆಂದು ಸಾರುತ್ತಾನೆ. 36ನೆಯ ಅಧ್ಯಾಯದಲ್ಲಿ ಸ್ಟಾರ್‌ಬಕ್ ಎದುರು ನಿಂತು ಕೇಳುತ್ತಾನೆ: ಈ ಸೇಡಿನಿಂದ ನ್ಯಾಂಟಕೆಟ್ ಮಾರುಕಟ್ಟೆಗೆ ಎಷ್ಟು ಪೀಪಾಯಿ ಎಣ್ಣೆ ಸಿಕ್ಕೀತು? ಮೂಕಪ್ರಾಣಿಯ ಮೇಲೆ ಹಗೆ ಸಾಧಿಸುವುದು ಹುಚ್ಚಲ್ಲವೇ? ಏಹಬ್‌ನ ಓದಿಗೆ ಕಾದಂಬರಿಯೊಳಗೇ ಸಿಗುವ ಅತ್ಯಂತ ಬಲವಾದ ಉತ್ತರ ಇದು. ಆದರೂ ಮೆಲ್ವಿಲ್ ಇದನ್ನು ಕೊನೆಯ ಮಾತಾಗಲು ಬಿಡಲಿಲ್ಲ. ಇನ್ನೊಮ್ಮೆ ಹಾರಬೇಡವೆಂದು ಪಿಪ್‌ಗೆ ಎಚ್ಚರಿಕೆ ಕೊಡುವಾಗ ಆ ದೋಣಿಯ ಮುಖ್ಯಸ್ಥ ಸ್ಟಬ್ ಹೂಡುವುದು ಇದೇ ಪೀಪಾಯಿ ಲೆಕ್ಕ: ಅಲಬಾಮದಲ್ಲಿ ನಿನ್ನನ್ನು ಮಾರಿದರೆ ಬರುವ ಹಣದ ಮೂವತ್ತು ಪಟ್ಟು ಒಂದು ತಿಮಿಂಗಿಲಕ್ಕೆ ಬರುತ್ತದೆ ಎನ್ನುತ್ತಾನೆ. ಹುಡುಗ ಮತ್ತೆ ಹಾರಿದಾಗ ದೋಣಿ ನಿಲ್ಲಲಿಲ್ಲ.