ಮಂಗಳ ನೌಕೆ ದಾರಿ ತಪ್ಪಿದ್ದು ಎಲ್ಲಿ?

ಉತ್ತರದ ಮುಂದೆ ಏಕಮಾನ ಬರೆಯದ ವಿದ್ಯಾರ್ಥಿಗೆ ಅರ್ಧ ಅಂಕ ಕಳೆದರೆ 'ಸಂಖ್ಯೆ ಸರಿಯಾಗಿದೆಯಲ್ಲ ಸಾರ್' ಎಂಬ ವಾದ ಬರುತ್ತದೆ. ಆಗ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ನೌಕೆಯ ಕಥೆ ಹೇಳುವುದುಂಟು. ಆದರೆ ನಾವು ಹೇಳುವುದು ಅರ್ಧ ಕಥೆ ಮಾತ್ರ ಎಂದು ನನ್ನ ಅನಿಸಿಕೆ.

1998ರ ಡಿಸೆಂಬರ್ 11ರಂದು ಹೊರಟ ಈ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಹಿಂದೆ ಮರೆಯಾದದ್ದು ಮತ್ತೆ ಕಾಣಲಿಲ್ಲ. ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾಯಬೇಕಾಗಿದ್ದುದು ಸುಮಾರು 57 ಕಿ.ಮೀ. ಎತ್ತರಕ್ಕೆ ಇಳಿದಿತ್ತು.

ನೌಕೆಯ ಸೌರಫಲಕ ಒಂದೇ ಬದಿಗಿತ್ತು. ಹೀಗಾಗಿ ಸೂರ್ಯನ ಬೆಳಕಿನ ಒತ್ತಡ ನೌಕೆಯನ್ನು ತಿರುಗಿಸಲು ಯತ್ನಿಸುತ್ತದೆ. ಒಳಗಿನ ಚಕ್ರಗಳು ಆ ಕೋನೀಯ ಸಂವೇಗವನ್ನು ಹೀರಿಕೊಂಡು ವೇಗವಾಗಿ ಸುತ್ತತೊಡಗುತ್ತವೆ. ಅವನ್ನು ನಿಧಾನಗೊಳಿಸಲು ಆಗಾಗ ಥ್ರಸ್ಟರ್ ಉರಿಸಬೇಕು. ಉರಿಸಿದಾಗಲೆಲ್ಲ ಪಥ ಕೊಂಚ ಸರಿಯುತ್ತದೆ. ಈ ಆವೇಗವನ್ನು ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ತಂತ್ರಾಂಶ ಪೌಂಡ್-ಸೆಕೆಂಡ್‌ಗಳಲ್ಲಿ ಕೊಟ್ಟಿತು. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಪಥನಿರ್ಣಯ ತಂಡ ಅದನ್ನು ನ್ಯೂಟನ್-ಸೆಕೆಂಡ್ ಎಂದುಕೊಂಡು ಬಳಸಿತು. 1 ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ತಳ್ಳುವಿಕೆಯನ್ನು ಅಷ್ಟು ಪಟ್ಟು ಕಡಿಮೆ ಎಣಿಸಿದಂತಾಯಿತು.

ಒಂಬತ್ತು ತಿಂಗಳ ಪಯಣದಲ್ಲಿ ಇದು ಯಾರಿಗೂ ಗೊತ್ತಾಗಲಿಲ್ಲವೇ? ಡಾಪ್ಲರ್ ಮಾಪನ ನಮ್ಮ ದೃಷ್ಟಿರೇಖೆಯ ಉದ್ದಕ್ಕಿರುವ ವೇಗವನ್ನಷ್ಟೇ ತಿಳಿಸುತ್ತದೆ. ಈ ತಳ್ಳುವಿಕೆ ಹೆಚ್ಚಾಗಿ ಅದಕ್ಕೆ ಲಂಬವಾಗಿತ್ತು. ಆದರೂ ಲೆಕ್ಕ ಕೂಡುತ್ತಿಲ್ಲವೆಂಬ ಅನುಮಾನ ತಂಡಕ್ಕೆ ಬಂದಿತ್ತು. ಇಂಥದ್ದನ್ನು ದಾಖಲಿಸಿ ಪರಿಹಾರ ಪಡೆಯುವ ಕ್ರಮಬದ್ಧ ವ್ಯವಸ್ಥೆಯೂ ಇತ್ತು. ಅವರು ಅದನ್ನು ಬಿಟ್ಟು ಇ-ಮೇಲ್‌ಗಳಲ್ಲೇ ಚರ್ಚಿಸಿದರು. ಇ-ಮೇಲ್‌ನಲ್ಲಿ ಕೇಳಿದ ಪ್ರಶ್ನೆ ಉತ್ತರ ಸಿಗದೆ ಹಾಗೇ ಉಳಿದರೂ ಹೇಳುವವರು ಕೇಳುವವರು ಇರುವುದಿಲ್ಲ.

ಇದಕ್ಕೂ ದೊಡ್ಡ ಲೋಪ ಇನ್ನೊಂದಿದೆ. ಹಿಂದಿನ 'ಮಾರ್ಸ್ ಗ್ಲೋಬಲ್ ಸರ್ವೇಯರ್' ನೌಕೆಗೆ ಎರಡೂ ಬದಿಗೆ ಫಲಕಗಳಿದ್ದವು. ಇದೂ ಹಾಗೆಯೇ ವರ್ತಿಸುತ್ತದೆಂದು ತಂಡ ಭಾವಿಸಿತ್ತು. ಥ್ರಸ್ಟರುಗಳು ನಿರೀಕ್ಷೆಗಿಂತ 10–14 ಪಟ್ಟು ಹೆಚ್ಚು ಸಲ ಉರಿಯುತ್ತಿದ್ದಾಗಲಾದರೂ 'ಏಕೆ?' ಎಂದು ನೌಕೆ ಕಟ್ಟಿದವರನ್ನು ಪಟ್ಟು ಹಿಡಿದು ಕೇಳಬಹುದಿತ್ತು. (ವಿನ್ಯಾಸದ ಕೆಲವು ಮುಖ್ಯ ಪರಿಶೀಲನಾ ಸಭೆಗಳಲ್ಲಿ ಅವರಿಗೆ ಪಾಲಿರಲಿಲ್ಲ ಎಂಬುದನ್ನೂ ಮರೆಯಬಾರದು.) ಕೊನೆಯ ವಾರ ಲೆಕ್ಕದ ಎತ್ತರ 150–170 ಕಿ.ಮೀ.ಗೆ, ಕೊನೆಯ ದಿನ 110 ಕಿ.ಮೀ.ಗೆ ಇಳಿಯಿತು. ಐದನೆಯ ಪಥ ತಿದ್ದುಪಡಿಯ ಮಾತು ಬಂದರೂ ಅದು ನಡೆಯಲಿಲ್ಲ.

ಅದೇ ವರ್ಷ ಡಿಸೆಂಬರ್ 3ರಂದು 'ಮಾರ್ಸ್ ಪೋಲಾರ್ ಲ್ಯಾಂಡರ್' ಕೂಡ ಕಳೆದುಹೋಯಿತು. ಕಾಲುಗಳು ಬಿಚ್ಚಿಕೊಳ್ಳುವಾಗಿನ ಅಲುಗಾಟವನ್ನೇ ನೆಲ ಮುಟ್ಟಿದ ಸಂಕೇತವೆಂದು ಗ್ರಹಿಸಿ ಎಂಜಿನ್ನುಗಳು ನಿಂತಿರಬೇಕೆಂದು ತನಿಖಾ ಮಂಡಳಿ ಅಭಿಪ್ರಾಯಪಟ್ಟಿತು. ಅಂಥ ಸುಳ್ಳು ಸಂಕೇತ ಬರಬಹುದೆಂಬುದು ಮೊದಲೇ ಗೊತ್ತಿತ್ತು. ತಂತ್ರಾಂಶ ಬರೆಯುವವರಿಗೆ ಕೊಟ್ಟ ವಿವರಗಳಲ್ಲಿ ಆ ಮಾತನ್ನು ಬಿಡಿಸಿ ಹೇಳಿರಲಿಲ್ಲ.