ಖಡ್ಗದ ಭಾರ ಮತ್ತು ಹರಿತ

ಭಟ್ಕಳದ ಸಮೀಪದಲ್ಲಿರುವ ತೆಂಗಿನಗುಂಡಿ ಇಂದು ಮೀನುಗಾರರ ಬಂದರು. ಈ ಕರಾವಳಿಗೆ ಹಿಂದೆ ಅರಬ್ಬೀ ಸಮುದ್ರದಾಚೆಯಿಂದ ಕುದುರೆಗಳು ಬರುತ್ತಿದ್ದವು. ಭಟ್ಕಳದಿಂದ ಅಕ್ಕಿ, ಸಕ್ಕರೆಗಳೊಡನೆ ಕಬ್ಬಿಣವೂ ಹಡಗೇರುತ್ತಿದ್ದಿತೆಂದು 16ನೆಯ ಶತಮಾನದ ಆದಿಯಲ್ಲಿ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೊಸ ಬರೆದಿದ್ದಾನೆ. ಕಬ್ಬಿಣಕ್ಕೆ ಅಷ್ಟು ಬೆಲೆಯಿದ್ದ ಆ ಕಾಲದ ಯೋಧರ ಖಡ್ಗಗಳು ಹೇಗಿದ್ದವು?

ಅವು ಮಣಭಾರದವು, ಸಾಮಾನ್ಯರು ಎತ್ತಲಾರದವು ಎಂಬ ನಂಬಿಕೆ ಜನರಲ್ಲಿದೆ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಖಡ್ಗಗಳನ್ನು ತೂಗಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಒಂದು ಕೈಯಲ್ಲಿ ಹಿಡಿಯುವ ಖಡ್ಗ, ಭಾರತದ್ದಾಗಲಿ ಯುರೋಪಿನದಾಗಲಿ, ಸಾಮಾನ್ಯವಾಗಿ 1ರಿಂದ 1.5 ಕಿಲೋಗ್ರಾಂ ತೂಗುತ್ತದೆ. ಇದು ಸುಲಿದ ಎರಡು ಮೂರು ತೆಂಗಿನಕಾಯಿಗಳ ತೂಕ. ಎರಡು ಕೈಗಳಿಂದ ಬೀಸುವ ದೊಡ್ಡ ಖಡ್ಗಗಳೂ ಬಹುಮಟ್ಟಿಗೆ 2ರಿಂದ 3 ಕಿಲೋಗ್ರಾಂ ಮಾತ್ರ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಉತ್ತರ ಕನ್ನಡ ಜಿಲ್ಲೆಯ ವೀರಗಲ್ಲುಗಳಲ್ಲಿ ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಗುರಾಣಿ ಹಿಡಿದ ಯೋಧರನ್ನು ಕಾಣಬಹುದು. ಹೀಗೆ ಕಾದುವವನು ಬೀಸಿದ ಖಡ್ಗವನ್ನು ಕ್ಷಣಮಾತ್ರದಲ್ಲಿ ಹಿಂದಕ್ಕೆ ಸೆಳೆಯಬೇಕು. ಭಾರವಾದ ಖಡ್ಗವನ್ನು ಸೆಳೆದುಕೊಳ್ಳುವುದರೊಳಗೆ ಶತ್ರುವಿನ ಪೆಟ್ಟು ಬಿದ್ದಿರುತ್ತದೆ. ಆದುದರಿಂದ ಕಮ್ಮಾರರು ಅಲಗನ್ನು ತುದಿಯ ಕಡೆಗೆ ತೆಳುವಾಗಿಸುತ್ತಿದ್ದರು. ಭಾರವನ್ನು ಹಿಡಿಯ ಸಮೀಪ ನಿಲ್ಲಿಸುತ್ತಿದ್ದರು.

ಹರಿತಕ್ಕೂ ಒಂದು ಮಿತಿಯಿದ್ದಿತು. ಕ್ಷೌರದ ಕತ್ತಿಯ ಬಾಯಿ ಬಹು ತೆಳು. ಗಟ್ಟಿ ವಸ್ತುವಿಗೆ ತಾಗಿದರೆ ಅದು ಮುಕ್ಕಾಗುತ್ತದೆ. ಕೊಡಲಿಯ ಬಾಯಿ ದಪ್ಪ. ಅದು ಸೌದೆಯನ್ನು ಸೀಳಿದರೂ ಕೆಡುವುದಿಲ್ಲ. ಖಡ್ಗವು ಮಾಂಸವನ್ನು ಕೊಯ್ಯಬೇಕು, ಮೂಳೆಗೂ ಗುರಾಣಿಗೂ ತಾಗಿ ಉಳಿಯಬೇಕು. ಹೀಗಾಗಿ ಅದರ ಬಾಯಿಯನ್ನು ಇವೆರಡರ ನಡುವಿನ ಹದದಲ್ಲಿ ಮಸೆಯುತ್ತಿದ್ದರು.

ಈ ಹದ ಲೋಹದಲ್ಲಿಯೂ ಬೇಕು. ದಕ್ಷಿಣ ಭಾರತದ ಕಮ್ಮಾರರು ಕಬ್ಬಿಣದ ತುಂಡುಗಳನ್ನು ಕಟ್ಟಿಗೆ, ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಯಿಸಿ ಉಕ್ಕನ್ನು ಪಡೆಯುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಉಕ್ಕಿನ ತಯಾರಿಕೆಯನ್ನು ಕಂಡು ವರ್ಣಿಸಿದ್ದಾನೆ. ಯುರೋಪಿನ ವಿಜ್ಞಾನಿಗಳು ಈ ಲೋಹವನ್ನು ‘ವುಟ್ಜ್’ ಎಂದು ಕರೆದರು. ಈ ಹೆಸರು ಕನ್ನಡದ ‘ಉಕ್ಕು’ ಎಂಬುದರಿಂದ ಬಂದಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಇದರಲ್ಲಿ ಇಂಗಾಲದ ಅಂಶ ಶೇಕಡಾ 1ರಿಂದ 2ರಷ್ಟು. ಇಂಗಾಲ ಹೆಚ್ಚಿದಂತೆ ಉಕ್ಕಿನ ಗಡಸುತನ ಹೆಚ್ಚುತ್ತದೆ, ಜೊತೆಗೆ ಮುರಿಯುವ ಭಯವೂ ಹೆಚ್ಚುತ್ತದೆ.

ಗಡಸಾದರೆ ಖಡ್ಗ ಮುರಿಯುವುದು, ಮೃದುವಾದರೆ ಬಾಗುವುದು; ಭಾರವಾದರೆ ತೋಳು ಸೋಲುವುದು. ಕಮ್ಮಾರನ ಹದ ತಪ್ಪಿದರೆ ಅದರ ಬೆಲೆಯನ್ನು ರಣರಂಗದಲ್ಲಿ ಯೋಧನು ತೆರಬೇಕಾಗಿದ್ದಿತು. ವೀರಗಲ್ಲಿನ ಮುಂದೆ ನಿಂತು ವೀರನನ್ನು ನೆನೆಯುವವರು ಆ ಕಮ್ಮಾರನನ್ನೂ ನೆನೆಯುವುದು ಉಚಿತ.